ಒಡೆಸಿದವಳೇ ಇಡಿಸಲಿ

ಪ್ರತಿ ವರ್ಷ ಶುಭ ಶುಕ್ರವಾರದಂದು ನಮ್ಮ ಚರ್ಚಿನಲ್ಲಿ ಶಿಲುಬೆಯ ಬಗ್ಗೆ ಉಪದೇಶ ಇರುತ್ತದೆ. ಈಗ ಬಂದಿರುವ ಅಯ್ಯನವರು ಇನ್ನೂ ಹುಡುಗ ವಯಸ್ಸಿನವರು, ಬಹಳ ಚೆನ್ನಾಗಿ ಮಾತಾಡುತ್ತಾರೆ. ಹಳೆಯ ಮನುಷ್ಯ ಸಾಯಬೇಕು, ಹೊಸ ಮನುಷ್ಯ ಹುಟ್ಟಬೇಕು, ಪ್ರತಿಯೊಬ್ಬರೂ ತಮ್ಮ ಶಿಲುಬೆ ಹೊರಬೇಕು ಎನ್ನುತ್ತಾರೆ. ಹೆಂಗಸರೆಲ್ಲ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ನನಗೆ ಮಾತ್ರ ಸಿಟ್ಟು ಬರುತ್ತದೆ. ಈ ವಯಸ್ಸಿನಲ್ಲೂ ಬರುತ್ತದೆ, ಏನು ಮಾಡಲಿ?

ನಮ್ಮಪ್ಪ ಹಾಗೆ ಸತ್ತು ಹುಟ್ಟಿದವನು. ಅವನ ಸಾವನ್ನೂ ಕಣ್ಣಾರೆ ನೋಡಿದ್ದೇನೆ, ಹುಟ್ಟನ್ನೂ ನೋಡಿದ್ದೇನೆ. ಎರಡೂ ಒಂದೇ ನದಿಯ ದಂಡೆಯಲ್ಲಿ ನಡೆದವು. ಆದರೆ ಅವನು ಹೊಸದಾಗಿ ಹುಟ್ಟಿದ ನೋವನ್ನು ತಿಂದವರು ಯಾರು ಅಂತ ಯಾವ ಉಪದೇಶದಲ್ಲೂ ಯಾರೂ ಹೇಳಲಿಲ್ಲ. ಅದಕ್ಕೇ ನಾನು ಹೇಳುತ್ತೇನೆ. ಕೇಳುವವರು ಕೇಳಲಿ.

ನಾವು ಭೀಮಾ ನದಿಯ ಅಂಬಿಗರು. ಆಚೆ ದಂಡೆಗೆ ಯಾದಗಿರಿಯ ದಾರಿ, ಈಚೆ ದಂಡೆಗೆ ಶಹಾಪುರದ ದಾರಿ, ನಡುವೆ ಅಪ್ಪನ ಹರಿಗೋಲು. ಆಗ ನಿಜಾಮರ ಆಳ್ವಿಕೆಯ ಕೊನೆಗಾಲ. ಅಮೀನ ಸಾಹೇಬರಿಂದ ಹಿಡಿದು ಸಂತೆಗೆ ಹೋಗುವ ಮುದುಕಿಯವರೆಗೆ ಎಲ್ಲರೂ ಹೊಳೆ ದಾಟಲು ನಮ್ಮ ಕಡವಿಗೆ ಬಂದು "ದಾಟಸಪಾ" ಅನ್ನಲೇಬೇಕಿತ್ತು. ಬಿದಿರಿನ ದೊಡ್ಡ ಬುಟ್ಟಿ, ಅದಕ್ಕೆ ಚರ್ಮದ ಹೊದಿಕೆ, ನೂಕಲು ಒಂದು ಉದ್ದನೆಯ ಗಳ. ಅಷ್ಟರ ಮೇಲೆ ನಮ್ಮ ಮನೆ ನಡೆಯುತ್ತಿತ್ತು.

ಮನೆಯಲ್ಲಿ ಅಪ್ಪ, ಅವ್ವ, ಆಯಿ ಮತ್ತು ನಾನು. ಆಯಿ ಎಂದರೆ ಅಪ್ಪನ ತಾಯಿ. ಗಂಡ ಸತ್ತ ಮೇಲೆ ತಾನೇ ಗಳ ಹಿಡಿದು, ಜನರನ್ನು ದಾಟಿಸಿ ಒಬ್ಬನೇ ಮಗನನ್ನು ಬೆಳೆಸಿದ ಹೆಂಗಸು. ಅವಳ ಬಾಯಿಗೆ ಅಮೀನನ ಕುದುರೆ ಕೂಡ ಹೆದರುತ್ತಿತ್ತು. ಅವ್ವ ಸುರಪುರದ ಆಚೆ, ಕೃಷ್ಣೆಯ ದಂಡೆಯವಳು. ಅತ್ತೆ ಸೊಸೆ ಜಗಳಕ್ಕೆ ಬೇರೆ ಏನೂ ಸಿಗದಿದ್ದರೆ ನದಿಗಳನ್ನೇ ಹಿಡಿದುಕೊಂಡು ಜಗಳಾಡುತ್ತಿದ್ದರು.

"ನಿಮ್ಮ ಕೃಷ್ಣಿ ಬರೇ ಗದ್ಲದಾಕಿ. ನಮ್ಮ ಭೀಮಿ ನೋಡು, ಎಷ್ಟು ಗಂಭೀರ ಅದಾಳ" ಎಂದು ಆಯಿ ಶುರು ಮಾಡುತ್ತಿದ್ದಳು.

"ಹೌದ್ರಿ ಅತ್ತಿ, ಅದಕ್ಕೇ ಬ್ಯಾಸಿಗಿ ಬಂತಂದ್ರ ಮಕ್ಕೊಂಡು ಬಿಡ್ತಾಳ, ಏಳೂದೇ ಇಲ್ಲ" ಎಂದು ಅವ್ವ ತಲೆ ತಗ್ಗಿಸಿಕೊಂಡೇ ಹೇಳುತ್ತಿದ್ದಳು. ಆಯಿಗೆ ನಗು ತಡೆಯಲು ಆಗುತ್ತಿರಲಿಲ್ಲ. ಇದ್ದದ್ದು ಇಂಥ ಮನೆ. ಅದನ್ನು ಕೆಡಿಸಿದ್ದು ಒಂದು ಮಳೆಗಾಲ.

ನದಿ ಕೆಂಪಾಗಿ ಏರುತ್ತಿತ್ತು. ಕಚೇರಿಯ ಜವಾನನೊಬ್ಬ ಈಗಲೇ ದಾಟಿಸು, ಹುಕುಂ ಇದೆ ಎಂದು ಅವಸರ ಮಾಡಿದ. ತವರಿನಲ್ಲಿ ಹೆರಿಗೆ ಮುಗಿಸಿ ಗಂಡನ ಮನೆಗೆ ಹೊರಟಿದ್ದ ಬಾಣಂತಿಯೊಬ್ಬಳು ಕೂಸು ಕಟ್ಟಿಕೊಂಡು ದಂಡೆಯಲ್ಲಿ ಕೂತಿದ್ದಳು, ಅವಳೂ ಹತ್ತಿದಳು. ಆಯಿ ಮನೆಯ ಮುಂದಿನಿಂದಲೇ ಕೂಗಿದಳು, "ಬ್ಯಾಡೋ ತಮ್ಮಾ, ನೀರಿನ ಬಣ್ಣ ನೋಡು." ಅಪ್ಪ ಮಧ್ಯಾಹ್ನವೇ ಸೇಂದಿ ಕುಡಿದಿದ್ದ. "ನನಗ ನೀರು ಕಲಸ್ತೀ ಏನು?" ಎಂದು ನಕ್ಕು ಗಳ ಊರಿದ.

ನಡು ಹೊಳೆಯಲ್ಲಿ ತೇಲಿಬಂದ ಮರದ ದಿಮ್ಮಿಯೊಂದು ಹರಿಗೋಲಿಗೆ ಬಡಿಯಿತು. ಜವಾನ ಈಜಿ ದಂಡೆ ಸೇರಿದ. ಅಪ್ಪ ಕೂಸಿಗೆ ಕೈ ಹಾಕಿದ. ಅವನ ಕೈಗೆ ಕೂಸಿಗೆ ಸುತ್ತಿದ ಬಟ್ಟೆ ಸಿಕ್ಕಿತು, ಬಟ್ಟೆ ಮಾತ್ರ ಬಂತು. ತಾಯಿ ಮಗು ಇಬ್ಬರೂ ಹೋದರು.

ಆ ದಿನದಿಂದ ಅಪ್ಪನ ಕೈಗಳು ನಡುಗತೊಡಗಿದವು. ರೊಟ್ಟಿ ಮುರಿಯುವಾಗಲೂ ನಡುಗುತ್ತಿದ್ದವು. ನಿದ್ದೆಯಲ್ಲಿ "ಸಿಕ್ಕಿತ್ತು, ಕೈಯಾಗೇ ಸಿಕ್ಕಿತ್ತು" ಎಂದು ಚೀರಿ ಎದ್ದು ಕೂಡುತ್ತಿದ್ದ. ಗಳ ಮತ್ತೆ ಆಯಿಯ ಕೈಗೆ ಹೋಯಿತು. ವಿಚಿತ್ರ ಏನೆಂದರೆ, ಯಾರೂ ಅಪ್ಪನನ್ನು ಬೈಯಲಿಲ್ಲ. ಸತ್ತವಳ ಗಂಡ ಕೂಡ ಬಂದು ದಂಡೆಯಲ್ಲಿ ಕೂತು, "ಗಂಗವ್ವ ಕರಕೊಂಡ್ಳು, ನೀ ಏನ್ ಮಾಡ್ತೀ" ಎಂದು ಅಪ್ಪನ ಬೆನ್ನು ಸವರಿ ಹೋದ. ಅಪ್ಪನಿಗೆ ಅದೇ ತಡೆಯಲಾಗಲಿಲ್ಲ. "ಗಂಗವ್ವ ಅಲ್ಲ, ನಾನು" ಎಂದು ಸಿಕ್ಕಸಿಕ್ಕವರ ಮುಂದೆ ಹೇಳಿಕೊಂಡು ತಿರುಗಿದ. ಪಾಪ, ತಲೆ ಕೆಟ್ಟಿದೆ ಎಂದು ಜನ ಪಕ್ಕಕ್ಕೆ ಸರಿದು ಹೋಗುತ್ತಿದ್ದರು.

ವನದುರ್ಗದ ಕಡೆಯ ಹಳ್ಳಿಗಳಿಗೆ ಉಪದೇಶಕ್ಕೆ ಹೋಗುವ ಅಯ್ಯನವರೊಬ್ಬರು ಯಾದಗಿರಿಯ ಮಿಷನ್‌ನಿಂದ ಬಂದು ನಮ್ಮ ಕಡವು ದಾಟುತ್ತಿದ್ದರು. ತೆಳ್ಳಗಿನ ಮನುಷ್ಯ, ಕೈಯಲ್ಲಿ ಯಾವಾಗಲೂ ತೂತು ಬಿದ್ದ ಕೊಡೆ, ಕೊರಳಲ್ಲಿ ದಾರಕ್ಕೆ ಕಟ್ಟಿದ ಮರದ ಪುಟ್ಟ ಶಿಲುಬೆ. ಒಂದು ದಿನ ಅಪ್ಪ ಅವರ ಮುಂದೆಯೂ ಅದೇ ಮಾತು ಹೇಳಿದ. ಅವರು ಪಕ್ಕಕ್ಕೆ ಸರಿಯಲಿಲ್ಲ. ಅಪ್ಪನ ಎದುರು ಮರಳಿನಲ್ಲಿ ಕೂತು ಎಲ್ಲ ಕೇಳಿ, "ಹೌದಪಾ. ತಪ್ಪು ನಿಂದೇ ಅದ" ಎಂದರು.

ಅಪ್ಪ ಗಳಗಳ ಅತ್ತುಬಿಟ್ಟ. ಅಷ್ಟು ದಿನಗಳಲ್ಲಿ ಅವನನ್ನು ನಂಬಿದ ಮೊದಲ ಮನುಷ್ಯ ಅವರೇ. ಆಮೇಲೆ ಅವರು ಬಹಳ ಹೊತ್ತು ಮಾತಾಡಿದರು. ನನಗೆ ಅರ್ಥವಾದದ್ದು ಸ್ವಲ್ಪ. ನಾನು ಅವರ ಕೊರಳಿನದನ್ನು ತೋರಿಸಿ ಕೇಳಿದೆ, "ಇದೇನ್ರಿ ಅಯ್ಯಗೋಳ?"

"ಇದರ ಮ್ಯಾಲ ಒಬ್ಬಾತ ನಮ್ಮೆಲ್ಲರ ತಪ್ಪು ತನ್ನ ಮ್ಯಾಲ ಹಾಕ್ಕೊಂಡು ಸತ್ತಾನವ್ವ."

"ಅಂವಾ ತಪ್ಪು ಮಾಡಿದ್ನೇನ್ರಿ?"

"ಇಲ್ಲ."

"ಮತ್ತ ಯಾಕ ಹಾಕ್ಕೊಂಡ?"

ಅವರು ನಕ್ಕರು. "ದೊಡ್ಡಾಕಿ ಆದ ಮ್ಯಾಲ ನೀನೇ ನನಗ ಹೇಳು" ಎಂದರು. ಅಯ್ಯನವರಿಗೆ ಅದನ್ನು ಹೇಳುವ ಹೊತ್ತು ಅಷ್ಟು ಬೇಗ ಬರುತ್ತದೆ ಎಂದು ಇಬ್ಬರಿಗೂ ಗೊತ್ತಿರಲಿಲ್ಲ.

ಬೇಸಿಗೆಯಲ್ಲಿ, ನೀರು ಇಳಿದು ಮಡುವಷ್ಟೇ ಉಳಿದಾಗ, ಅಪ್ಪನಿಗೆ ದೀಕ್ಷಾಸ್ನಾನ ಆಯಿತು. ಅದೇ ನದಿ, ಅದೇ ಕಡವು. ಅಯ್ಯನವರು ಸೊಂಟದವರೆಗೆ ನೀರಿಗಿಳಿದು ಅಪ್ಪನ ಬೆನ್ನ ಕೆಳಗೆ ಕೈ ಕೊಟ್ಟು ಅವನನ್ನು ಮುಳುಗಿಸಿದರು. ಅಪ್ಪನಿಗಿಂತ ಅವರೇ ಹೆಚ್ಚು ಹೆದರಿದ್ದರು, ಅವರಿಗೆ ಈಜು ಬರುತ್ತಿರಲಿಲ್ಲ. ದಂಡೆಯ ಮೇಲೆ ಆಯಿ ಎದೆ ಎದೆ ಬಡಿದುಕೊಂಡು ಮರಳು ತೂರುತ್ತಿದ್ದಳು. ಅಪ್ಪ ಎದ್ದು ನಿಂತಾಗ ನಾನು ನೋಡಿದ್ದು ಅವನ ಕೈಗಳನ್ನು. ಅವು ನಡುಗುತ್ತಿರಲಿಲ್ಲ. ಅಯ್ಯನವರು ತಮ್ಮ ಕೊರಳಿನ ಶಿಲುಬೆ ತೆಗೆದು ಅವನ ಕೊರಳಿಗೆ ಹಾಕಿದರು. ಅವನು ಹೊಸ ಮನುಷ್ಯನಾದ ಎಂದರು. ನನಗೂ ಹಾಗೇ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ. ನನ್ನ ಹಳೆಯ ಅಪ್ಪ ನನಗೆ ಮರಳಿ ಸಿಕ್ಕಿದ್ದ.

ಅಯ್ಯನವರು ಅವ್ವನನ್ನೂ ಕರೆದರು. ಅವ್ವ ನೀರಿನ ಅಂಚಿನಲ್ಲೇ ನಿಂತು ಸೆರಗು ಬಿಗಿ ಮಾಡಿಕೊಂಡಳು. "ನಾ ಯಾರನ್ನೂ ಮುಳಗಿಸಿಲ್ರಿ. ನಾ ಯಾಕ ಮುಳಗ್ಲಿ?" ಎಂದಳು.

ನಮ್ಮವರಲ್ಲಿ ಗಂಗವ್ವನ ಕಟ್ಟೆ ಎಂದು ಒಂದು ಜಾಗ. ಬೇವಿನ ಮರದ ಕೆಳಗೆ ಹಿರಿಯರು ಕೂತು ಕುಲದ ನ್ಯಾಯ ಹೇಳುವುದು ಅಲ್ಲಿಯೇ. ಕಟ್ಟೆಯ ಹಿರಿಯ ಬಹಳ ಮಾತಾಡಲಿಲ್ಲ. ಗಂಗವ್ವನ ನೀರಿನಲ್ಲಿ ಬೇರೆ ದೇವರ ಹೆಸರಲ್ಲಿ ಮುಳುಗಿದವನು ನಮ್ಮ ಪಾಲಿಗೆ ಮುಳುಗಿಯೇ ಹೋದ, ಅವನ ಕ್ರಿಯೆ ಮಾಡಿಬಿಡಿ ಎಂದ. ಇಲ್ಲದಿದ್ದರೆ ಇಡೀ ಮನೆ ಕುಲದ ಹೊರಗೆ, ಕಡವೂ ಹೋಗುತ್ತದೆ. ಅವ್ವನಿಗೆ ಬೇರೆ ಹೇಳಿದರು: ಅವನ ಹಿಂದೆ ಹೋಗುವುದಿದ್ದರೆ ಹೋಗು, ಮಗಳು ಮನೆತನದವಳು, ಅವಳನ್ನು ಇಲ್ಲೇ ಬಿಟ್ಟು ಹೋಗು.

ಅವ್ವ ನನ್ನ ಕೈ ಹಿಡಿದುಕೊಂಡು, "ನಾ ಎಲ್ಲೂ ಹೋಗೂದಿಲ್ರಿ" ಎಂದಳು. ಹಾಗಂದರೆ ಏನು ಅರ್ಥ ಅಂತ ಅವಳಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ.

ಹೊಳೆಯಲ್ಲಿ ಹೋದವರ ಹೆಣ ಸಿಗದಿದ್ದರೆ ನಮ್ಮಲ್ಲಿ ಜೋಳದ ಹಿಟ್ಟಿನ ಗೊಂಬೆ ಮಾಡಿ ಹೂಳುತ್ತಾರೆ. ಅಪ್ಪನಿಗೂ ಮಾಡಿದರು. ಹಿಟ್ಟು ನಾದಿದವಳು ಆಯಿ. ಮೂಗು ಕಣ್ಣು ಎಲ್ಲ ಅವಳೇ ತಿದ್ದಿದಳು. ಅಪ್ಪ ಆಚೆ ದಂಡೆಯಲ್ಲಿ ನಿಂತು ತನ್ನನ್ನು ಮಣ್ಣು ಮಾಡುವುದನ್ನು ತಾನೇ ನೋಡಿದ. ಗೊಂಬೆಯನ್ನು ಕುಣಿಗೆ ಇಳಿಸಿದ ಮೇಲೆ ಆಯಿ ಅವ್ವನನ್ನು ಕೂಡಿಸಿ ಹಣೆ ಒರೆಸಿದಳು, ತಾಳಿ ಹರಿದಳು, ಎರಡೂ ಕೈಗಳನ್ನು ಕಲ್ಲಿಗೆ ಹಿಡಿದು ಹಸಿರು ಬಳೆ ಒಡೆಸಿದಳು. ಅವ್ವನ ಮಣಿಕಟ್ಟಿನಿಂದ ರಕ್ತ ಬಂತು. ಅವ್ವ ಅಳಲಿಲ್ಲ, ಆಯಿ ಅತ್ತಳು. ಆಚೆ ದಂಡೆಯಿಂದ ಅಪ್ಪ ಏನೋ ಕೂಗಿದ. ಯಾರೂ ತಲೆ ಎತ್ತಿ ನೋಡಲಿಲ್ಲ, ಸತ್ತವರು ಕೂಗುವುದು ಎಲ್ಲಿಂದ ಬಂತು?

ಊರಿನ ಪೊಲೀಸ್ ಪಾಟೀಲನಿಗೆ ಮಾತ್ರ ಇದು ತಮಾಷೆ. "ಏನ್ರಪಾ, ನೀವು ಹುಗದ ಮುರ್ದಾ ನಿನ್ನಿ ಯಾದಗಿರಿ ದವಾಖಾನ್ಯಾಗ ನನಗ ಸಲಾಂ ಮಾಡಿದ" ಎಂದು ಕಟ್ಟೆಯ ಮುಂದೆ ಕುದುರೆ ನಿಲ್ಲಿಸಿ ನಗುತ್ತಿದ್ದ. ಮಿಷನ್ ದವಾಖಾನೆಯಲ್ಲಿ ಅಪ್ಪನಿಗೆ ನೀರು ಹೊರುವ ಕೆಲಸ ಸಿಕ್ಕಿತ್ತು.

ಇಲ್ಲಿ ನನ್ನ ಅವ್ವ ಬದುಕಿದ್ದ ಗಂಡನ ವಿಧವೆ. ಹಬ್ಬಕ್ಕೆ ಯಾರೂ ಕರೆಯುವಂತಿಲ್ಲ, ಶುಭಕಾರ್ಯದಲ್ಲಿ ಎದುರಿಗೆ ಬರುವಂತಿಲ್ಲ. ಸಂಜೆ ಬಟ್ಟೆ ಒಗೆಯಲು ಹೋದಾಗ ಕಲ್ಲಿನ ಮೇಲೆ ಒಂದು ರೊಟ್ಟಿಯ ಗಂಟು ಮರೆತವಳಂತೆ ಬಿಟ್ಟು ಬರುತ್ತಿದ್ದಳು. ಆಚೆ ದಂಡೆಯಿಂದ ಅಪ್ಪ ಬಂದು ಒಯ್ಯುತ್ತಿದ್ದ. ನೋಡಿದ ಹೆಂಗಸರು ಬಾಯಿಗೆ ಸೆರಗು ಅಡ್ಡ ಹಿಡಿದು, "ರಂಡಿ ಹೆಂಗಸು ಯಾವನಿಗೋ ಬುತ್ತಿ ಕಟ್ಟಾಕತ್ಯಾಳ" ಅಂದರು. ಆ ಯಾವನೋ ಯಾರು ಎಂದು ಎಲ್ಲರಿಗೂ ಗೊತ್ತು. ಹೇಳುವಂತಿಲ್ಲ, ಹೇಳಿದರೆ ಅವನು ಬದುಕಿದ್ದಾನೆ ಎಂದು ಒಪ್ಪಿಕೊಂಡಂತೆ. ಎಂಥ ಜನ ನೋಡಿ! ಕಣ್ಣಿದ್ದೂ ಕುರುಡರಾಗಲು ಇಷ್ಟೊಂದು ಕಷ್ಟಪಡುವವರನ್ನು ನಾನು ಬೇರೆ ಎಲ್ಲೂ ನೋಡಿಲ್ಲ.

ಮುಂದಿನ ಬೇಸಿಗೆ ಕಳೆದು ಮಳೆ ಶುರುವಾಗುವ ಹೊತ್ತಿಗೆ ಅವ್ವನ ಹೊಟ್ಟೆ ಕಾಣಿಸತೊಡಗಿತು. ಅವರಿಬ್ಬರೂ ಎಲ್ಲಿ ಸೇರಿದರು, ಹೇಗೆ ಸೇರಿದರು ಎಂದು ನನ್ನನ್ನು ಕೇಳಬೇಡಿ. ಗಂಡ ಹೆಂಡತಿ, ನಡುವೆ ಮೊಣಕಾಲುದ್ದ ನೀರು. ಅಷ್ಟೇ.

ಈಗ ಕಟ್ಟೆಯವರು ಪೇಚಿಗೆ ಸಿಕ್ಕಿಕೊಂಡರು. ಕೂಸು ಅಪ್ಪನದು ಎಂದರೆ ಸತ್ತವನು ಸತ್ತಿಲ್ಲ, ಅಲ್ಲ ಎಂದರೆ ಅವ್ವ ಹಾದರಗಿತ್ತಿ. ಆಯಿ ಕಟ್ಟೆಗೆ ಹೋಗಿ ಹಿರಿಯನ ಕಾಲಿಗೆ ಬಿದ್ದಳು. ಅವಳು ಯಾರ ಕಾಲಿಗೂ ಬಿದ್ದವಳಲ್ಲ. ಹಿರಿಯನೂ ಕಟುಕನೇನಲ್ಲ, ಒಂದು ದಾರಿ ಹುಡುಕಿದ.

ನಮ್ಮಲ್ಲಿ ಒಂದು ಹಳೆಯ ಪದ್ಧತಿ ಇತ್ತು. ಹೊಳೆ ಪಾಲಾದ ಎಂದು ಕ್ರಿಯೆ ಮಾಡಿ ಮುಗಿಸಿದವನು ಎಲ್ಲೋ ಬದುಕಿ ತಿರುಗಿ ಬಂದರೆ ಅವನು ಹಾಗೇ ಮನೆಯೊಳಗೆ ಬರುವಂತಿಲ್ಲ. ಹಿತ್ತಿಲಿನಿಂದ ತೆವಳಿಕೊಂಡು ಬರಬೇಕು. ತಾಯಿ ಅವನನ್ನು ಸೆರಗಿನ ಕೆಳಗಿನಿಂದ ಹಾಯಿಸಬೇಕು. ತಲೆಯನ್ನು ಮೊರದಲ್ಲಿ ಇಡಿಸಿ, ಎಣ್ಣೆ ಅರಿಶಿನ ಹಚ್ಚಿ, ಕೂಸಿಗೆ ಕರೆದಂತೆ ಕಿವಿಯಲ್ಲಿ ಹೆಸರು ಕರೆಯಬೇಕು. ಆಮೇಲೆ ಅವನು ತನ್ನ ಹೆಂಡತಿಗೇ ಮತ್ತೆ ತಾಳಿ ಕಟ್ಟಬೇಕು. ಹೊಸದಾಗಿ ಹುಟ್ಟುವುದು ನಮಗೇನು ಅಯ್ಯನವರು ಬಂದು ಹೇಳಿಕೊಟ್ಟದ್ದಲ್ಲ. ನಮ್ಮ ಮುತ್ಯಾನ ಕಾಲದಲ್ಲಿ ಒಬ್ಬ ಹಾಗೆ ಹುಟ್ಟಿ, ಅದೇ ಮನೆಯಲ್ಲಿ ಮುದುಕನಾಗಿ ಸತ್ತಿದ್ದ.

"ಅಂವಾ ಬರ್ಲಿ. ಕೊರಳಾಗಿಂದು ಹೊಳ್ಯಾಗ ಒಗೀಲಿ. ಹುಟ್ಟಿ ಬರ್ಲಿ. ಕೂಸೂ ಅವಂದೇ ಆಗ್ತದ, ಹೇಣ್ತೀನೂ ಮುತ್ತೈದಿ ಆಗ್ತಾಳ" ಎಂದ ಹಿರಿಯ.

ಆಯಿ ಮಗನಿಗೆ ಹೇಳಿ ಕಳಿಸಿದಳು. ಅಪ್ಪ ಬಂದ. ಕಟ್ಟೆಯ ಸುತ್ತ ಜನ ನೆರೆದಿದ್ದರು. ಆಯಿ ಮೊರ, ಅರಿಶಿನ, ಎಣ್ಣೆಯ ಬಟ್ಟಲು ಎಲ್ಲ ತಯಾರು ಮಾಡಿಟ್ಟುಕೊಂಡು ನಿಂತಿದ್ದಳು. ಅವಳ ಮುಖದಲ್ಲಿ ಆ ದಿನ ಇದ್ದ ಕಳೆಯನ್ನು ನಾನು ಮರೆಯಲಾರೆ. ಅಪ್ಪ ಕಟ್ಟೆಯ ಮುಂದೆ ನಿಂತು ಕೊರಳಿನ ದಾರಕ್ಕೆ ಕೈ ಹಾಕಿದ. ದಾರ ತಲೆಯಿಂದ ಹೊರಗೆ ಬಂತು. ಶಿಲುಬೆಯನ್ನು ಮುಷ್ಟಿಯಲ್ಲಿ ಹಿಡಿದು ನೀರಿನ ಕಡೆ ತಿರುಗಿದ. ಆಗ ಅವನ ಕೈ ನಡುಗತೊಡಗಿತು. ಮೊದಲು ಬೆರಳು, ಆಮೇಲೆ ಮೊಣಕೈವರೆಗೂ. ಆ ಮಳೆಗಾಲದ ನಂತರ ನಡುಗಿದಂತೆಯೇ.

ಅದನ್ನು ನಾನು ನೋಡಿದೆ, ನನ್ನ ಪಕ್ಕದಲ್ಲಿದ್ದ ಅವ್ವನೂ ನೋಡಿದಳು. ಎಷ್ಟೋ ರಾತ್ರಿ ಅವನ ಪಕ್ಕದಲ್ಲಿ ಎದ್ದು ಕೂತವಳು ಅವಳೇ ತಾನೇ? ಅವಳು ಹೆಂಗಸರ ಸಾಲು ಬಿಟ್ಟು ಮುಂದೆ ಹೋದಳು.

"ನಿಂದ್ರು" ಎಂದಳು. ಅಪ್ಪನಿಗಲ್ಲ, ಕಟ್ಟೆಗೆ ಹೇಳಿದಳು. "ಹಿರ್ಯಾರ, ಒಂದು ಮಾತು ಕೇಳ್ತೀನಿ. ನನ್ನ ಗಂಡ ಸತ್ತಾನ ಅಂತ ಗೊಂಬಿ ಹುಗದವರು ಯಾರ್ರಿ?"

"ನಾವೇ" ಎಂದ ಹಿರಿಯ.

"ಸತ್ತವರಿಂದ ಬಸಿರಾಗ್ತದೇನ್ರಿ?"

ಹಿರಿಯ ಹೆಗಲ ಮೇಲಿನ ವಸ್ತ್ರ ಸರಿಮಾಡಿಕೊಂಡ.

"ಆಗೂದಿಲ್ಲಲ್ಲ? ಹಂಗಾದ್ರ ಈ ಕೂಸಿಗಿ ಅಪ್ಪ ಯಾರಂತ ಕೇಳಬ್ಯಾಡ್ರಿ. ಇದರ ತಪ್ಪು, ಇದರ ಹೆಸರು, ಎಲ್ಲಾ ನನ್ನ ಮ್ಯಾಲ ಇರ್ಲಿ. ನಾ ಹೊರ್ತೀನಿ. ಅಂವನ್ನ ಮಾತ್ರ ಬಿಡ್ರಿ. ಒಬ್ಬ ಮನಷ್ಯಾನ್ನ ಎಷ್ಟು ಸಲ ಸಾಯಸ್ತೀರಿ, ಎಷ್ಟು ಸಲ ಹುಟ್ಟಸ್ತೀರಿ?"

ಆಯಿಯ ಕೈಯಿಂದ ಮೊರ ಕೆಳಗೆ ಬಿತ್ತು. ಅಪ್ಪ ಹುಚ್ಚನಂತೆ ಕಟ್ಟೆ ಹತ್ತಿ ಬಂದು, "ಕೂಸು ನಂದದ! ನಂದದ್ರೀ!" ಎಂದು ಕೂಗಿದ. ಹಿರಿಯ ಮುಖ ತಿರುಗಿಸಿದ. ಹುಟ್ಟಿ ಬಾರದವನು ಇನ್ನೂ ಸತ್ತವನೇ. "ಸತ್ತವರ ಮಾತು ಕಟ್ಟಿ ಕೇಳೂದಿಲ್ಲ" ಎಂದ. ಒಬ್ಬೊಬ್ಬರಾಗಿ ಎಲ್ಲರೂ ಮುಖ ತಿರುಗಿಸಿದರು. ಅಪ್ಪ ಅವರ ಬೆನ್ನುಗಳಿಗೆ ಕೂಗುತ್ತಲೇ ಇದ್ದ.

ಅವ್ವನಿಗೆ ಕುಲದಿಂದ ಹೊರಗೆ ಎಂದು ತೀರ್ಪಾಯಿತು. ಮಗಳನ್ನು ಬಿಟ್ಟು ಹೋಗಬೇಕು ಎಂದು ಯಾರೋ ಅಂದರು. ಆಗ ಆಯಿ ಸಿಡಿದಳು: "ಸುಮ್ಮನಿರೋ ಮೂಳಾ. ಹೆಣ್ಣ ಕೂಸು ತಾಯಿ ಜೋಡಿ ಹೋಗ್ತದ." ಅಷ್ಟು ಹೇಳಿ ಅವ್ವನ ಮುಖ ಕೂಡ ನೋಡದೆ ಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಆಚೆ ದಂಡೆಯಲ್ಲಿ ನಮ್ಮನ್ನು ಎತ್ತಿಕೊಳ್ಳಲು ದೇವದೂತರು ಕಾಯುತ್ತಿದ್ದರು ಅಂದುಕೊಂಡಿರೇನು? ಮಿಷನ್ ಕಾಂಪೌಂಡಿನಲ್ಲಿ ಇರಬೇಕಾದರೆ ಅವ್ವ ದೀಕ್ಷಾಸ್ನಾನ ಮಾಡಿಸಿಕೊಳ್ಳಬೇಕು, ಅಪ್ಪನ ಜೊತೆ ಚರ್ಚಿನಲ್ಲಿ ಮದುವೆಯಾಗಬೇಕು. ಇಲ್ಲದಿದ್ದರೆ ಚರ್ಚಿನ ಸಭೆಯವರು ಒಪ್ಪುವುದಿಲ್ಲ. ಅಯ್ಯನವರು ಇದನ್ನು ಹೇಳುವಾಗ ಕೊಡೆಯ ತೂತಿನಲ್ಲಿ ಬೆರಳಾಡಿಸುತ್ತಿದ್ದರು, ಅವರಿಗೂ ನಾಚಿಕೆಯಾಗಿತ್ತು.

"ನನ್ನ ಲಗ್ನ ಆಗ್ಯಾದ್ರಿ" ಎಂದಳು ಅವ್ವ. "ಇವನ ಜೋಡೀನೇ ಆಗ್ಯಾದ. ಆ ದಂಡ್ಯಾಗ ಇಂವಾ ಸತ್ತಾನ ಅಂತಾರ. ಈ ದಂಡ್ಯಾಗ ಹೊಸದಾಗಿ ಹುಟ್ಯಾನ ಅಂತೀರಿ. ನನಗ ಎರಡೂ ತಿಳಿಯಾಂಗಿಲ್ರಿ. ನಾ ಲಗ್ನಾದಾಂವಾ ಇಂವನೇ."

ಕಾಂಪೌಂಡಿನ ಗೋಡೆಯ ಹೊರಗೆ ಅಪ್ಪ ಒಂದು ಗುಡಿಸಲು ಹಾಕಿದ. ಒಂದು ದಿನ ಯಾದಗಿರಿ ಬಜಾರಿನಿಂದ ಹಸಿರು ಬಳೆ ತಂದು ಅವ್ವನ ಮುಂದೆ ಹಿಡಿದ. ಬಸುರಿಯ ಬೋಳು ಕೈ ಅವನಿಗೆ ನೋಡಲಾಗುತ್ತಿರಲಿಲ್ಲ. ನನಗೂ ನೋಡಲಾಗುತ್ತಿರಲಿಲ್ಲ, ದವಾಖಾನೆಯ ಹೆಂಗಸರು ಅವಳ ಕೈ ನೋಡಿ ಹೊಟ್ಟೆ ನೋಡುತ್ತಿದ್ದರು. ಅವ್ವ ಬಳೆ ಮುಟ್ಟಲಿಲ್ಲ.

"ಒಡಿಸಿದಾಕಿ ನಿಮ್ಮವ್ವ. ಇಡಸೂದಿದ್ರ ಆಕೀನೇ ಇಡಸ್ಲಿ. ಇಲ್ಲಂದ್ರ ಹಿಂಗೇ ಹೋಗ್ತೀನಿ."

ಹಟಮಾರಿ, ಕೃಷ್ಣೆಯ ದಂಡೆಯವಳು. ನನಗೆ ಅವಳ ಮೇಲೂ ಸಿಟ್ಟು ಬಂತು. ಒಂದು ಬಳೆ ಇಟ್ಟುಕೊಂಡರೆ ಏನಾಗುತ್ತಿತ್ತು? ಈಗ ತಿಳಿಯುತ್ತದೆ. ಬಳೆ ಅಲ್ಲ ಅವಳಿಗೆ ಬೇಕಾದದ್ದು. ತನ್ನ ಗಂಡ ಬದುಕಿದ್ದಾನೆ ಎಂದು, ಅವನನ್ನು ಕೊಂದ ಬಾಯಿಯೇ ಹೇಳಬೇಕಿತ್ತು.

ಅದನ್ನು ಕೇಳುವವರೆಗೆ ಅವಳು ಬದುಕಲಿಲ್ಲ. ಗಂಡು ಕೂಸು ಹುಟ್ಟಿತು, ಗಟ್ಟಿಮುಟ್ಟಾಗಿತ್ತು. ಅವ್ವನಿಗೆ ಬಾಣಂತಿ ಜ್ವರ ಹಿಡಿಯಿತು. ದವಾಖಾನೆಯ ದಾಯಿ ಗುಡಿಸಲಿಗೇ ಬಂದು ಮಾಡುವುದನ್ನೆಲ್ಲ ಮಾಡಿದಳು. ಅಪ್ಪ ಹಾಸಿಗೆಯ ಪಕ್ಕ ಕೂಸನ್ನು ಎದೆಗೆ ಒತ್ತಿಕೊಂಡು ಕೂತಿದ್ದ. ಇಳಿಸು ಎಂದರೂ ಇಳಿಸಲಿಲ್ಲ, ಕೈ ಬಿಟ್ಟರೆ ಬಟ್ಟೆ ಮಾತ್ರ ಉಳಿಯುತ್ತದೆ ಅನ್ನುವಂತೆ. ಒಂದು ಬೆಳಿಗ್ಗೆ ಅವ್ವ ಅದೇ ಬೋಳು ಕೈಯಿಂದ ನನ್ನ ತಲೆ ಸವರಿ ಹೋಗಿಬಿಟ್ಟಳು.

ನಾನು ಕಡವಿಗೆ ಓಡಿದೆ. ಮಳೆಗಾಲ ಕಳೆದಿತ್ತು, ನೀರು ಹೆಚ್ಚಿರಲಿಲ್ಲ, ಈಜಿಕೊಂಡೇ ದಾಟಿದೆ. ಆಯಿ ಅಂಗಳದಲ್ಲಿ ಜೋಳ ಕೇರುತ್ತಿದ್ದಳು. ಒದ್ದೆ ಬಟ್ಟೆಯಲ್ಲೇ ನಿಂತು, "ಆಯಿ, ಅವ್ವ ಸತ್ಲು" ಎಂದೆ. ಅವಳು ಮೊರ ಕೆಳಗಿಟ್ಟಳು. ನನ್ನನ್ನೇ ಒಂದು ಗಳಿಗೆ ನೋಡಿ, ಒಂದು ಮಾತೂ ಆಡದೆ ಎದ್ದು ಒಳಗೆ ಹೋದಳು. ನನ್ನ ಮೈಯೆಲ್ಲ ಉರಿಯಿತು. ಕಲ್ಲು ಮುದುಕಿ ಎಂದು ಬೈಯುತ್ತ, ಅಳುತ್ತ ತಿರುಗಿ ಬಂದೆ.

ಮಣ್ಣು ಎಲ್ಲಿ ಮಾಡುವುದು? ಚರ್ಚಿನ ಭೂಮಿ ದೀಕ್ಷಾಸ್ನಾನ ಆದವರಿಗೆ, ಕುಲದ ಭೂಮಿ ಕುಲದವರಿಗೆ. ಅಪ್ಪ ಯಾರನ್ನೂ ಕೇಳಲಿಲ್ಲ. ನದಿಯ ದಂಡೆಯಲ್ಲಿ, ನೆರೆ ಮುಟ್ಟದ ಎತ್ತರದಲ್ಲಿ ತಾನೇ ಕುಣಿ ತೋಡಿದ. ಅಯ್ಯನವರು ಬಂದರು, ದಾಯಿ ಬಂದಳು, ಕೂಸನ್ನು ನಾನು ಎತ್ತಿಕೊಂಡಿದ್ದೆ. ಅಪ್ಪ ಎರಡು ಜಾಲಿ ಕಟ್ಟಿಗೆ ತಂದು ಅಡ್ಡ ಕಟ್ಟಿ ಶಿಲುಬೆ ಮಾಡತೊಡಗಿದ. ಅಯ್ಯನವರು ಮೆಲ್ಲಗೆ ಹೇಳಿದರು, "ಸಭೆಯವರು ತಕರಾರು ಮಾಡ್ತಾರಪಾ. ಆಕಿ ದೀಕ್ಷಾಸ್ನಾನ ಆದಾಕಿ ಅಲ್ಲ. ಆಕಿ ಮ್ಯಾಲ ಶಿಲುಬಿ ಇಡಾಕ ಬರಂಗಿಲ್ಲ."

ಅಪ್ಪ ಗಂಟು ಬಿಗಿಯುವುದನ್ನು ನಿಲ್ಲಿಸಲಿಲ್ಲ. "ಅಯ್ಯಗೋಳ, ನಾ ಬರೇ ಮುಳಗಿ ಎದ್ದಾಂವಾ. ಹೊತ್ತಾಕಿ ಆಕಿ" ಎಂದ.

ಅಯ್ಯನವರು ಕೊಡೆ ಕೆಳಗಿಟ್ಟು, ಶಿಲುಬೆಯ ಬುಡಕ್ಕೆ ಆನಿಸಲು ಕಲ್ಲು ಆರಿಸಲು ಹೋದರು. ಅವರು ನನ್ನನ್ನು ದಾಟಿ ಹೋಗುವಾಗ ನಾನು ಹೇಳಬೇಕೆಂದುಕೊಂಡೆ, ತಪ್ಪು ಮಾಡದವನು ಯಾಕೆ ಹಾಕಿಕೊಂಡ ಅಂತ ನನಗೆ ಗೊತ್ತಾಯಿತ್ರಿ ಎಂದು. ಅಷ್ಟರಲ್ಲಿ ಕೂಸು ಅಳತೊಡಗಿತು, ಹೇಳಲಾಗಲಿಲ್ಲ.

ಅವ್ವನನ್ನು ಇನ್ನೂ ಕುಣಿಗೆ ಇಳಿಸಿರಲಿಲ್ಲ. ಹೊಳೆಯಲ್ಲಿ ಗಳ ಬಿದ್ದ ಸದ್ದು ಕೇಳಿತು. ಆಯಿ ಒಬ್ಬಳೇ ಹರಿಗೋಲು ನೂಕಿಕೊಂಡು ಬರುತ್ತಿದ್ದಳು. ಅವಳ ಹಿಂದೆ, ಆಚೆ ದಂಡೆಯಲ್ಲಿ ಕಟ್ಟೆಯ ಜನ ನಿಂತು ಏನೋ ಕೂಗುತ್ತಿದ್ದರು. ಆಯಿ ತಿರುಗಿಯೂ ನೋಡಲಿಲ್ಲ. ದಂಡೆ ಹತ್ತಿ ಬಂದು ನೇರ ಅವ್ವನ ಪಕ್ಕ ಕೂತಳು. ಸೆರಗಿನ ಗಂಟು ಬಿಚ್ಚಿದಳು. ಒಳಗೆ ಹಸಿರು ಬಳೆ, ಕುಂಕುಮದ ಭರಣಿ, ಒಂದು ಪುಟ್ಟ ಸೀಸೆ ಔಡಲೆಣ್ಣೆ.

ಅವ್ವನ ಕೈ ಆಗಲೇ ಸೆಟೆದಿತ್ತು. ಆಯಿ ಎಣ್ಣೆ ಹಚ್ಚಿ, ಬೆರಳು ಒಂದೊಂದಾಗಿ ನೀವಿ ನೀವಿ ಮೆತ್ತಗೆ ಮಾಡತೊಡಗಿದಳು. ಬಳೆಗಾರ್ತಿಯರು ಹುಡುಗಿಯರನ್ನು ರಮಿಸುವಂತೆ ಮಾತಾಡುತ್ತಿದ್ದಳು. "ಸಡ್ಲ ಬಿಡ ಯವ್ವಾ... ಹಟ ಮಾಡಬ್ಯಾಡ... ನಿನ್ನ ಹಟ ಗೆದ್ದದ, ಬಂದೀನಿ ನೋಡು, ನಾನೇ ಬಂದೀನಿ..." ಒಂದು ಬಳೆ ಒಳಗೆ ಹೋಯಿತು. ಇನ್ನೊಂದು ಹೋಯಿತು. ಬಹಳ ಹೊತ್ತು ಹಿಡಿಯಿತು. ಒಂದೂ ಒಡೆಯಲಿಲ್ಲ.

"ನಾಳಿ ಕಟ್ಟಿಯವ್ರು ನಿನ್ನೂ ಹೊರಗ ಹಾಕ್ತಾರ ಯವ್ವಾ" ಎಂದ ಅಪ್ಪ, ದೂರದಲ್ಲೇ ನಿಂತು.

"ಹಾಕ್ಲಿ. ನನ್ನ ಗೊಂಬೀನೂ ಮಾಡಿ ಹುಗೀಲಿ" ಎಂದಳು. ಆ ಹಿಟ್ಟಿನ ಗೊಂಬೆಯನ್ನು ಹೂಳಿದ ದಿನದಿಂದ ಅವಳು ಅಪ್ಪನ ಮಾತಿಗೆ ಉತ್ತರ ಕೊಟ್ಟದ್ದು ಅದೇ ಮೊದಲು. ಕುಂಕುಮದ ಭರಣಿಯ ಮುಚ್ಚಳ ತೆಗೆದು ಅವನ ಕಡೆ ಹಿಡಿದಳು. "ಬಾರೋ ತಮ್ಮಾ. ಹೇಣ್ತಿ ಹಣಿಗಿ ಗಂಡ ಹಚ್ಬೇಕು. ನನ್ನ ಮಗ ಜೀವಂತ ಅದಾನ, ನಾ ಯಾಕ ಹಚ್ಚಲಿ?"

ಅಪ್ಪ ಬಂದು ಮಂಡಿಯೂರಿದ. ಅವನ ಕೈ ನಡುಗುತ್ತಿತ್ತು. ಆಯಿ ಅವನ ಮಣಿಕಟ್ಟು ಹಿಡಿದು ಅವ್ವನ ಹಣೆಯವರೆಗೆ ಒಯ್ದಳು.